ಮುಳ್ಳು ಕಾಯುವ ಕಳಲೆ

ನೆಲ ಬಿರಿದು ಮೂರೇ ತಿಂಗಳಲ್ಲಿ ತೆಂಗಿನ ಮರದೆತ್ತರ ಮೀರುತ್ತದೆ. ಬದುಕಿನಲ್ಲಿ ಒಮ್ಮೆ ಮಾತ್ರ ಹೂ ಬಿಟ್ಟು, ಇಡೀ ಕಾಡಿಗೆ ಅಕ್ಕಿ ಸುರಿದು ಸಾಯುತ್ತದೆ. ಮಳೆಗಾಲದ ಅಡುಗೆಮನೆಗೆ ಕಳಲೆ ಕೊಡುವ ಹೆಬ್ಬಿದಿರು ತನ್ನ ಕೂಸನ್ನು ಬೆಳೆಸುವುದು ಹೇಗೆ, ಕಾಯುವುದು ಹೇಗೆ?

ಮಳೆ ಹಿಡಿದು ಹದಿನೈದು ದಿನ. ಹೆಬ್ಬಿದಿರ ಮೆಳೆಯ ಬುಡದಲ್ಲಿ ಕೊಳೆಯುತ್ತಿರುವ ತರಗೆಲೆಯ ರಾಶಿ ಒಂದು ಕಡೆ ಸಣ್ಣಗೆ ಉಬ್ಬುತ್ತದೆ. ಮರುದಿನ ಬೆಳಗಾಗುವಷ್ಟರಲ್ಲಿ ಅದೇ ಜಾಗದಲ್ಲಿ ಮಣ್ಣು ಸೀಳಿ, ಕಿತ್ತಳೆ ಮಿಶ್ರಿತ ಕಂದು ಹಾಳೆಗಳನ್ನು ಒಂದರ ಮೇಲೊಂದು ಹೊದ್ದ ದಪ್ಪ ಮೊನೆಯೊಂದು ನಿಂತಿರುತ್ತದೆ. ಹಾಳೆಯ ತುದಿಯಲ್ಲಿ ನೀರಿನ ಹನಿ. ಮಳೆ ಬಾರದ ರಾತ್ರಿಯಲ್ಲೂ ಆ ಹನಿ ಮೂಡುತ್ತದೆ, ಏಕೆಂದರೆ ಅದು ಬೇರುಗಳು ಕತ್ತಲಿಡೀ ಒತ್ತಿ ಮೇಲಕ್ಕೆ ಕಳಿಸಿದ ನೀರು.

ಮಲೆನಾಡಿಗರಿಗೆ ಇದು ಕಳಲೆ. ಕರಾವಳಿಯಲ್ಲಿ ಕಣಿಲೆ, ಕೊಡಗಿನಲ್ಲಿ ಬೈಂಬಳೆ, ಕೊಂಕಣಿ ಮನೆಗಳಲ್ಲಿ ಕೀರ್ಲು. ಆಟಿ ತಿಂಗಳಲ್ಲಿ, ಕಕ್ಕಡದಲ್ಲಿ, ಆಷಾಢದ ಬಿಡದ ಮಳೆಯಲ್ಲಿ ತರಕಾರಿ ಸಿಗದ ದಿನಗಳಿಗೆ ಕಾಡು ಕೊಡುತ್ತಿದ್ದ ಊಟ ಇದು. ಕತ್ತಿಯ ಬಾಯಿಗೆ ಸಿಗದೆ ಉಳಿದ ಕಳಲೆ ಗಣೇಶನ ಹಬ್ಬ ಮುಗಿದು ದಸರೆ ಹತ್ತಿರವಾಗುವಷ್ಟರಲ್ಲಿ ಎಂಬತ್ತು, ತೊಂಬತ್ತು ಅಡಿ ಎತ್ತರದ ಗಳುವಾಗಿ ನಿಂತಿರುತ್ತದೆ.

ಭತ್ತದ ದಾಯಾದಿ

ಹೆಬ್ಬಿದಿರು, ಮುಳ್ಳುಬಿದಿರು, ದೊಡ್ಡ ಬಿದಿರು ಎಂದೆಲ್ಲ ಕರೆಸಿಕೊಳ್ಳುವ ಈ ಗಿಡದ ಸಸ್ಯಶಾಸ್ತ್ರೀಯ ಹೆಸರು ಬಾಂಬುಸಾ ಬಾಂಬೋಸ್. ಭಾರತ, ಶ್ರೀಲಂಕಾದಿಂದ ಮ್ಯಾನ್ಮಾರ್, ಥಾಯ್ಲೆಂಡ್‌ಗಳವರೆಗೆ ಇದರ ತವರು. ಹೊಳೆದಂಡೆ, ಕಣಿವೆ, ಎಲೆ ಉದುರಿಸುವ ತೇವದ ಕಾಡು ಇದಕ್ಕೆ ಇಷ್ಟ. ಕರ್ನಾಟಕದಲ್ಲಿ ಕಾಳಿ ನದಿಯ ಕಣಿವೆಯಿಂದ ಕಬಿನಿಯ ದಂಡೆಯವರೆಗೆ, ಪಶ್ಚಿಮಘಟ್ಟದ ಪೂರ್ವದ ಇಳಿಜಾರಿನುದ್ದಕ್ಕೂ ಇದರ ಮೆಳೆಗಳಿವೆ.

ಮೂವತ್ತು ಮೀಟರ್ ಎತ್ತರಕ್ಕೆ ಬೆಳೆದರೂ ಇದು ಹುಲ್ಲೇ. ಗಿಣ್ಣು ಗಿಣ್ಣಾದ ಕಾಂಡ ನೋಡಿದವರಿಗೆ ಮೊದಲು ನೆನಪಾಗುವುದು ಕಬ್ಬು. ಆದರೆ ಹುಲ್ಲಿನ ವಂಶವೃಕ್ಷದಲ್ಲಿ ಕಬ್ಬು, ಜೋಳ, ರಾಗಿಗಳದ್ದು ಒಂದು ಕವಲು. ಬಿದಿರು, ಭತ್ತ, ಗೋಧಿಗಳದ್ದು ಇನ್ನೊಂದು. ಅಂದರೆ ಹೆಬ್ಬಿದಿರಿನ ಹತ್ತಿರದ ನೆಂಟಸ್ತನ ಕಬ್ಬಿನ ಗದ್ದೆಯೊಂದಿಗಲ್ಲ, ಭತ್ತದ ಗದ್ದೆಯೊಂದಿಗೆ. ಹೆಚ್ಚಿನ ಹುಲ್ಲುಗಳ ಹೂವಿನಲ್ಲಿ ಮೂರು ಕೇಸರಗಳಿದ್ದರೆ ಭತ್ತದ ಹೂವಿನಲ್ಲಿ ಆರು, ಹೆಬ್ಬಿದಿರಿನ ಹೂವಿನಲ್ಲೂ ಆರು. ಬಿದಿರಿನ ಕಾಳಿಗೆ ಬಿದಿರಕ್ಕಿ ಎಂದು ಹೆಸರಿಟ್ಟವರು ಸೂಕ್ಷ್ಮದರ್ಶಕ ಹಿಡಿದಿರಲಿಲ್ಲ, ಆದರೂ ಅವರ ಕಣ್ಣು ತಪ್ಪಲಿಲ್ಲ.

ತಪ್ಪಿದ್ದು ಕಾನೂನು. 1927ರ ಭಾರತೀಯ ಅರಣ್ಯ ಕಾಯ್ದೆ ಬಿದಿರನ್ನು ಮರಗಳ ಸಾಲಿಗೆ ಸೇರಿಸಿತು. ಸ್ವಂತ ಜಮೀನಿನಲ್ಲಿ ಬೆಳೆದ ಬಿದಿರನ್ನು ಕಡಿದು ಸಾಗಿಸಲೂ ರೈತರು ಪರವಾನಗಿಗಾಗಿ ಅಲೆಯುವಂತಾದದ್ದು ಈ ಒಂದು ಪದದಿಂದ. ಅರಣ್ಯದ ಹೊರಗೆ ಬೆಳೆದ ಬಿದಿರು ಮರವಲ್ಲ ಎಂದು ತಿದ್ದುಪಡಿ ಬಂದದ್ದು 2017ರಲ್ಲಿ, ತೊಂಬತ್ತು ವರ್ಷಗಳ ನಂತರ.

[ ಹೆಸರಿನ ಜಾಡು ]
ಡಚ್ಚರ ಕೊಚ್ಚಿಯ ಅಧಿಕಾರಿ ಹೆಂಡ್ರಿಕ್ ವಾನ್ ರೀಡ್ ಮಲಬಾರಿನ ಗಿಡಮೂಲಿಕೆಗಳ ಬಗ್ಗೆ ಬರೆಸಿದ ‘ಹೋರ್ಟಸ್ ಮಲಬಾರಿಕಸ್’ ಗ್ರಂಥದ ಮೊದಲ ಸಂಪುಟ 1678ರಲ್ಲಿ ಅಚ್ಚಾಯಿತು. ಅದರಲ್ಲಿ ಈ ಬಿದಿರು ‘ಇಲ್ಲಿ’ ಎಂಬ ಮಲಯಾಳಿ ಹೆಸರಿನಿಂದ ಚಿತ್ರಸಹಿತ ಬಂದಿದೆ. 1753ರಲ್ಲಿ ಲಿನೇಯಸ್ ಇದನ್ನು ಅರುಂಡೊ ಬಾಂಬೋಸ್ ಎಂದು ಕರೆದ. ಹಳೆಯ ಪುಸ್ತಕಗಳಲ್ಲಿ ಕಾಣುವ ಬಾಂಬುಸಾ ಅರುಂಡಿನೇಸಿಯಾ ಕೂಡ ಇದೇ ಗಿಡ. ಬಾಂಬೂ ಎಂಬ ಲೋಕಪ್ರಸಿದ್ಧ ಪದ ಮಲಯ ಭಾಷೆಯಿಂದ ಹೊರಟಿತೋ, ಕನ್ನಡ ನಾಡಿನ ಬೊಂಬಿನಿಂದಲೋ ಎಂಬ ಚರ್ಚೆ ಹತ್ತೊಂಬತ್ತನೆಯ ಶತಮಾನದಿಂದಲೂ ಇದೆ.

ನೆಲದೊಳಗಿನ ಸಿದ್ಧತೆ

ಬಿದಿರಿನ ನಿಜವಾದ ಕಾಂಡ ನೆಲದೊಳಗಿದೆ. ಗಿಡ್ಡನೆಯ, ದಪ್ಪನೆಯ, ಶುಂಠಿಯಂತೆ ಡೊಂಕಾದ ಗೆಡ್ಡೆ ಅದು. ಪ್ರತಿ ಗೆಡ್ಡೆಯೂ ಸ್ವಲ್ಪ ದೂರ ಅಡ್ಡಡ್ಡ ಸಾಗಿ, ತುದಿಯನ್ನು ಮೇಲಕ್ಕೆ ಬಾಗಿಸುತ್ತದೆ. ಆ ತುದಿಯೇ ಕಳಲೆ. ಗೆಡ್ಡೆಯ ಮಗ್ಗುಲಿನ ಮೊಗ್ಗುಗಳಿಂದ ಮುಂದಿನ ವರ್ಷದ ಗೆಡ್ಡೆಗಳು ಹೊರಡುತ್ತವೆ. ಚೀನಾ, ಜಪಾನಿನ ಚಳಿನಾಡಿನ ಎಷ್ಟೋ ಬಿದಿರುಗಳ ಗೆಡ್ಡೆ ಗರಿಕೆಯ ಬೇರಿನಂತೆ ಉದ್ದಕ್ಕೆ ಹರಿದು ಅಲ್ಲೊಂದು ಇಲ್ಲೊಂದು ಗಳು ಎಬ್ಬಿಸುತ್ತದೆ. ಉಷ್ಣವಲಯದ ಹೆಬ್ಬಿದಿರಿಗೆ ಆ ಅಲೆದಾಟವಿಲ್ಲ. ಹೀಗಾಗಿಯೇ ಅದು ಮೆಳೆ ಕಟ್ಟುತ್ತದೆ: ನಡುವೆ ಹಳೆಯ ಗಳು, ಸುತ್ತ ಹೊಸ ಗಳು. ಹೊಸ ಕಳಲೆ ಸಾಮಾನ್ಯವಾಗಿ ಮೆಳೆಯ ಹೊರ ಅಂಚಿನಲ್ಲೇ ಏಳುವುದೂ ಇದರಿಂದಲೇ.

ಕಳಲೆಯನ್ನು ಉದ್ದಕ್ಕೆ ಸೀಳಿದರೆ ಒಳಗೆ ಇಡೀ ಬಿದಿರೇ ಕಾಣುತ್ತದೆ. ಬಿಳಿಯ ತಿರುಳಿನಲ್ಲಿ ಅಡ್ಡ ಗೆರೆಗಳು, ಏಣಿಯ ಮೆಟ್ಟಿಲುಗಳಂತೆ, ತುದಿಯತ್ತ ಒತ್ತೊತ್ತಾಗಿ. ಆ ಒಂದೊಂದು ಗೆರೆಯೂ ಮುಂದೆ ಒಂದೊಂದು ಗಿಣ್ಣು. ಮುಂದೆ ಎದ್ದು ನಿಲ್ಲುವ ಗಳುವಿನ ಗಿಣ್ಣುಗಳ ಲೆಕ್ಕ ಬಹುಮಟ್ಟಿಗೆ ಕಳಲೆಯಲ್ಲೇ ಮುಗಿದಿರುತ್ತದೆ. ದಪ್ಪವೂ ಅಷ್ಟೆ. ಗೇಣಗಲ ಎದ್ದ ಕಳಲೆ ಗೇಣಗಲದ ಗಳುವಾಗುತ್ತದೆ, ತೆಳ್ಳಗೆ ಎದ್ದದ್ದು ತೆಳ್ಳಗೇ ಉಳಿಯುತ್ತದೆ. ಮಾವು, ಹಲಸಿನ ಕಾಂಡ ವರ್ಷವರ್ಷ ದಪ್ಪವಾಗುವುದು ತೊಗಟೆಯ ಕೆಳಗೆ ಬೆಳೆಯುವ ಪದರವೊಂದು ಇರುವುದರಿಂದ. ಹುಲ್ಲಿಗೆ ಆ ಪದರವೇ ಇಲ್ಲ.

ಹಾಗಾದರೆ ಇಷ್ಟು ವೇಗ ಎಲ್ಲಿಂದ? ಮರ ಬೆಳೆಯುವುದು ತುದಿಯಿಂದ. ಬಿದಿರು ತುದಿಯ ಜೊತೆಗೆ ಪ್ರತಿ ಗಿಣ್ಣಿನಿಂದಲೂ ಬೆಳೆಯುತ್ತದೆ. ಒಂದೊಂದು ಗಿಣ್ಣಿನ ಮೇಲೂ ಎಳೆಯ ಜೀವಕೋಶಗಳ ಉಂಗುರವಿದೆ. ಬುಡದ ಗಿಣ್ಣುಗಳು ಮೊದಲು ನಿಗುರುತ್ತವೆ, ಅವು ನಿಲ್ಲುವಷ್ಟರಲ್ಲಿ ಮೇಲಿನವು ಸೇರಿಕೊಳ್ಳುತ್ತವೆ. ಮಡಚಿಟ್ಟ ದುರ್ಬೀನನ್ನು ಎಳೆದು ಉದ್ದ ಮಾಡಿದ ಹಾಗೆ. ಹಲವು ಗಿಣ್ಣುಗಳು ಒಟ್ಟಿಗೆ ದುಡಿಯುವ ಆ ದಿನಗಳಲ್ಲಿ, ಮಳೆ ಚೆನ್ನಾಗಿದ್ದರೆ, ಹೆಬ್ಬಿದಿರು ದಿನಕ್ಕೆ ಒಂದು ಅಡಿ ಏರುವುದೂ ಉಂಟು.

ಇಷ್ಟೆಲ್ಲ ಏರುವಾಗ ಅದಕ್ಕೆ ಒಂದೇ ಒಂದು ಹಸಿರೆಲೆಯಿಲ್ಲ. ಬಿಸಿಲಿನಿಂದ ತಾನೇ ಊಟ ತಯಾರಿಸಿಕೊಳ್ಳುವ ಯೋಗ್ಯತೆ ಕಳಲೆಗೆ ಇನ್ನೂ ಬಂದಿರುವುದಿಲ್ಲ. ಅದು ಮೇಲೇರುವುದು ಮೆಳೆಯ ಹಿರಿಯ ಗಳುಗಳು ಬೇಸಿಗೆಯವರೆಗೆ ಕೂಡಿಟ್ಟ ಪಿಷ್ಟದಿಂದ. ಒಂದು ಮಳೆಗಾಲದಲ್ಲಿ ಎದ್ದ ಕಳಲೆಗಳಲ್ಲಿ ಹಲವು ಅರ್ಧದಲ್ಲೇ ಕೊಳೆತು ಬೀಳುವುದಕ್ಕೆ ಈ ಪಾಲು ಸಾಲದಿರುವುದೂ ಒಂದು ಕಾರಣ. ಹಿರಿಯ ಗಳುಗಳನ್ನೆಲ್ಲ ಬೋಳಿಸಿದ ಮೆಳೆಯಲ್ಲಿ ಮರುವರ್ಷ ಕಡ್ಡಿಯಂಥ ಕಳಲೆ ಏಳುವುದೂ ಅದಕ್ಕೇ.

ಹಾಳೆಗಳ ಕೆಲಸ ಈ ಎಳೆಯ ಉಂಗುರಗಳನ್ನು ಕಾಯುವುದು. ಒಂದೊಂದು ಗಿಣ್ಣಿಗೂ ಒಂದೊಂದು ಚರ್ಮದಂಥ ಹಾಳೆ. ಅದರ ಮೇಲೆ ಕೈಗೆ ಚುಚ್ಚಿ ತುರಿಕೆ ಎಬ್ಬಿಸುವ ಗಾಢ ಕಂದು ರೋಮ. ಗಿಣ್ಣು ನಿಗುರಿ ಗಟ್ಟಿಯಾದ ಮೇಲೆ ಹಾಳೆ ಒಣಗಿ ಕಳಚುತ್ತದೆ. ಪೂರ್ತಿ ಎತ್ತರ ಮುಟ್ಟಿದ ಮೇಲೆಯೇ ರೆಂಬೆ, ಎಲೆ.

ಟೊಳ್ಳಿನ ಬಲ

ಹೆಬ್ಬಿದಿರಿನ ಬುಡ ಹೆಚ್ಚುಕಡಿಮೆ ಗಟ್ಟಿ. ಒಳಗಿನ ತೂತು ಬೆರಳಗಲವಾದರೂ ಇದ್ದೀತೋ ಇಲ್ಲವೋ, ಗೋಡೆ ಮಾತ್ರ ಒಂದೆರಡು ಅಂಗುಲ ದಪ್ಪ. ಮೇಲೆ ಹೋದಂತೆ ಗೋಡೆ ತೆಳ್ಳಗಾಗಿ ಟೊಳ್ಳು ಹಿಗ್ಗುತ್ತದೆ. ಗೋಡೆಯ ಅಡ್ಡಕೊಯ್ತವನ್ನು ಭೂತಗನ್ನಡಿಯಲ್ಲಿ ನೋಡಿದರೆ ನಾರಿನ ಕಟ್ಟುಗಳು ಹೊರಗಡೆ ಒತ್ತಾಗಿಯೂ ಒಳಗಡೆ ವಿರಳವಾಗಿಯೂ ಹಬ್ಬಿರುವುದು ಕಾಣುತ್ತದೆ. ಗಾಳಿಗೆ ಗಳು ಬಾಗಿದಾಗ ಎಳೆತ ಹೆಚ್ಚು ಬೀಳುವುದು ಹೊರಮೈಗೆ, ನಾರು ಹೆಚ್ಚಿರುವುದೂ ಅಲ್ಲೇ. ಮೇದರು ಬುಟ್ಟಿ, ಮೊರಕ್ಕೆ ಹೊರಸೀಳನ್ನೇ ಆರಿಸಿಕೊಳ್ಳುವುದು ಇದಕ್ಕಾಗಿ.

ಹೊಸ ಪದರ ಬೆಳೆಯದ ಕಾಂಡಕ್ಕೆ ಒಂದು ಕಷ್ಟವಿದೆ. ಮೊದಲ ಮಳೆಗಾಲದಲ್ಲಿ ಆದ ನೀರಿನ ಕೊಳವೆಗಳೇ ಗಳುವಿನ ಆಯುಷ್ಯವಿಡೀ, ಎಂಟು ಹತ್ತು ವರ್ಷ, ಬಾಳಬೇಕು. ಬೇಸಿಗೆಯಲ್ಲಿ ಅವುಗಳೊಳಗೆ ಗಾಳಿಗುಳ್ಳೆ ಸೇರಿದರೆ ರಾತ್ರಿ ಬೇರಿನ ಒತ್ತಡ ಅದನ್ನು ಹೊರದೂಡುತ್ತದೆ. ಮಳೆಗಾಲದ ಬೆಳಿಗ್ಗೆ ಕಳಲೆಯ ತುದಿಯಲ್ಲಿ ಹನಿ ಮೂಡಿಸುವುದೂ ಇದೇ ಒತ್ತಡ.

ಎತ್ತರ ಒಂದೇ ವರ್ಷದಲ್ಲಿ ಮುಗಿದರೂ ಗಟ್ಟಿತನ ಬರಲು ಮೂರು ವರ್ಷ ಬೇಕು. ಎಳೆಯ ಗಳು ಕಡಿದರೆ ಒಣಗುವಾಗ ಮುರುಟುತ್ತದೆ, ಪಿಷ್ಟದ ಆಸೆಗೆ ಕುಟ್ಟೆ ಹುಳು ಹತ್ತುತ್ತದೆ. ಕಡಿದ ಬೊಂಬನ್ನು ಕೆರೆಯಲ್ಲೋ ಹೊಳೆಯಲ್ಲೋ ವಾರಗಟ್ಟಲೆ ಮುಳುಗಿಸಿಡುವ ಹಳೆಯ ರೂಢಿ ಆ ಪಿಷ್ಟವನ್ನು ಕಳೆಯುವ ಉಪಾಯ.

[ ಗಿಣ್ಣಿನೊಳಗಿನ ಕಲ್ಲು ]
ಹೆಣ್ಣು ಬಿದಿರು ಎಂದು ಕರೆಸಿಕೊಳ್ಳುವ ಟೊಳ್ಳು ಗಳುಗಳೊಳಗೆ ಒಮ್ಮೊಮ್ಮೆ ನೀಲಿ ಛಾಯೆಯ ಬಿಳಿ ಹರಳು ಸಿಗುತ್ತದೆ. ಆಯುರ್ವೇದದ ವಂಶಲೋಚನ ಇದೇ. ಬೇರು ಹೀರಿದ ನೀರಿನಲ್ಲಿ ಕರಗಿ ಬಂದ ಸಿಲಿಕಾ ಗಟ್ಟಿಯಾಗಿ ಆದದ್ದು, ಮರಳು ಮತ್ತು ಗಾಜಿನ ಮೂಲವಸ್ತುವೇ. ಸ್ಕಾಟ್ಲೆಂಡಿನ ಭೌತವಿಜ್ಞಾನಿ ಡೇವಿಡ್ ಬ್ರೂಸ್ಟರ್ 1819ರಲ್ಲಿ ಇದರ ಮೂಲಕ ಬೆಳಕು ಹಾಯಿಸಿ ನೋಡಿ, ಅದು ಬೆಳಕನ್ನು ಬಾಗಿಸುವ ವಿಚಿತ್ರ ರೀತಿಯ ಬಗ್ಗೆ ಬರೆದ.

ಬೇಲಿ

ಹೆಬ್ಬಿದಿರನ್ನು ಉಳಿದ ದೊಡ್ಡ ಬಿದಿರುಗಳಿಂದ ಬೇರೆ ಮಾಡುವುದು ಅದರ ಮುಳ್ಳು. ಬುಡದ ಹತ್ತಾರು ಅಡಿಯವರೆಗೆ ಪ್ರತಿ ಗಿಣ್ಣಿನಿಂದ ಉದ್ದನೆಯ, ಎಲೆಯಿಲ್ಲದ ರೆಂಬೆಗಳು ಅಡ್ಡಡ್ಡ ಚಾಚುತ್ತವೆ. ಅವುಗಳ ಗಿಣ್ಣುಗಳಲ್ಲಿ ಎರಡೆರಡು, ಮೂರುಮೂರು ಬಾಗಿದ ಮುಳ್ಳು. ಬೆಳೆಯದೆ ಮೊನೆಯಾಗಿ ಗಟ್ಟಿಯಾದ ಕಿರುರೆಂಬೆಗಳೇ ಈ ಮುಳ್ಳುಗಳು. ಪಕ್ಕದ ಗಳುವಿನ ರೆಂಬೆಗಳೊಡನೆ ಹೆಣೆದುಕೊಂಡು ಇವು ಮೆಳೆಯ ಸುತ್ತ ದಾಟಲಾಗದ ಬೇಲಿ ಕಟ್ಟುತ್ತವೆ.

ಆ ಬೇಲಿ ಕಾಯುವುದು ಕಳಲೆಯನ್ನು. ಎಳೆಯ ತಿರುಳಿನ, ಮುಳ್ಳಿಲ್ಲದ, ಮೆತ್ತನೆಯ ಕಳಲೆ ದನಕ್ಕೂ ಬೇಕು, ಕಾಟಿಗೂ ಬೇಕು, ಹಂದಿಗೂ ಮುಳ್ಳುಹಂದಿಗೂ ಮುಸುವಕ್ಕೂ ಬೇಕು. ಒಮ್ಮೆ ತುದಿ ತಿಂದರೆ ಆ ಗಳು ಮುಗಿಯಿತು.

ಇಷ್ಟು ಸರಳವಾದ ಸಂಗತಿಯನ್ನು ಅರಣ್ಯಶಾಸ್ತ್ರ ಬಹಳ ಕಾಲ ಕಡೆಗಣಿಸಿತು. ಉತ್ತರ ಕನ್ನಡದ ಬಿದಿರುಕಾಡನ್ನು ದಾಂಡೇಲಿಯ ಕಾಗದ ಕಾರ್ಖಾನೆಗೆ 1958ರಲ್ಲಿ ಟನ್ನಿಗೆ ಒಂದೂವರೆ ರೂಪಾಯಿಯ ದರದಲ್ಲಿ ಬಿಟ್ಟುಕೊಡಲಾಗಿತ್ತು. ಹತ್ತಿಪ್ಪತ್ತು ವರ್ಷಗಳಲ್ಲಿ ಬಿದಿರು ಕರಗತೊಡಗಿ, ಬುಟ್ಟಿ ಹೆಣೆಯುವವರಿಗೆ ಬೊಂಬು ಸಿಗದಾಯಿತು. 1970ರ ದಶಕದಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಮಾಧವ ಗಾಡ್ಗೀಳ್ ಮತ್ತು ಎಸ್. ನರೇಂದ್ರ ಪ್ರಸಾದ್ ಅಲ್ಲಿ ಅಧ್ಯಯನಕ್ಕಿಳಿದರು.

ಬಿದಿರು ಕಡಿಯುವ ಮೊದಲು ಬುಡದ ಮುಳ್ಳುರೆಂಬೆಗಳನ್ನು ಸವರಿ ತೆಗೆಯುವುದು ಆಗಿನ ಅಧಿಕೃತ ಪದ್ಧತಿ. ಹಾಗೆ ಮಾಡಿದರೆ ಗಾಳಿ ಬೆಳಕು ಆಡಿ ಹೊಸ ಗಳು ಚೆನ್ನಾಗಿ ಬರುತ್ತವೆ ಎಂಬ ನಂಬಿಕೆ. ಊರಿನವರು ಹೇಳಿದ್ದು ಬೇರೆ: ಮುಳ್ಳು ತೆಗೆದರೆ ಕಳಲೆ ಉಳಿಯುವುದಿಲ್ಲ, ದನವೂ ಕಾಡುಪ್ರಾಣಿಯೂ ತಿಂದು ಹಾಕುತ್ತವೆ. ಸವರಿದ ಮೆಳೆ, ಸವರದ ಮೆಳೆಗಳನ್ನು ವರ್ಷಗಟ್ಟಲೆ ಹೋಲಿಸಿ ನೋಡಿದಾಗ ಊರಿನವರ ಮಾತೇ ನಿಜವಾಯಿತು. ಬಿದಿರಿನ ಬಗ್ಗೆ ನಮ್ಮ ನೆಲದಲ್ಲಿ ನಡೆದ ಸಂಶೋಧನೆಗಳಲ್ಲಿ ಇದಕ್ಕಿಂತ ಮುಖ್ಯವಾದದ್ದು ಕಡಿಮೆ. ಗಿಡದ ಒಂದು ಅಂಗ ಏತಕ್ಕಿದೆ ಎಂದು ಕೇಳದೆ ಅದನ್ನು ಕತ್ತರಿಸಿದ್ದಕ್ಕೆ ಕಾಡು ತೆತ್ತ ಬೆಲೆ ಅಷ್ಟು ದೊಡ್ಡದು.

ಎರಡನೆಯ ಬೇಲಿ

ಮುಳ್ಳು ದಾಟಿ ಬಂದವರಿಗೂ ಕಳಲೆ ಸುಮ್ಮನೆ ಒಪ್ಪಿಸಿಕೊಳ್ಳುವುದಿಲ್ಲ. ಅದರ ಜೀವಕೋಶಗಳಲ್ಲಿ ಟ್ಯಾಕ್ಸಿಫಿಲಿನ್ ಎಂಬ ರಾಸಾಯನಿಕವಿದೆ. ಕಚ್ಚಿದಾಗ, ಕೊಚ್ಚಿದಾಗ ಕೋಶ ಒಡೆದು ಅದು ಪಕ್ಕದ ಕಿಣ್ವದೊಡನೆ ಬೆರೆಯುತ್ತದೆ, ಸಯನೈಡ್ ಬಿಡುಗಡೆಯಾಗುತ್ತದೆ. ಹಸಿ ಕಳಲೆ ಕಹಿಯಾಗಿರುವುದೂ, ಅದನ್ನು ಹಸಿಯಾಗಿ ತಿನ್ನಬಾರದೆನ್ನುವುದೂ ಇದಕ್ಕಾಗಿ. ಬುಡಕ್ಕಿಂತ ತುದಿಯಲ್ಲಿ ಈ ವಿಷ ಹೆಚ್ಚು, ಬೆಳೆಯುವ ಭಾಗಕ್ಕೆ ಹೆಚ್ಚಿನ ಕಾವಲು.

ಮಲೆನಾಡಿನ ಅಡುಗೆಮನೆ ಕಂಡುಕೊಂಡ ಪರಿಹಾರ ರಸಾಯನಶಾಸ್ತ್ರಕ್ಕೆ ಅಕ್ಷರಶಃ ಒಪ್ಪುತ್ತದೆ. ಹಾಳೆ ಬಿಡಿಸಿ, ಎಳೆಯ ಭಾಗವನ್ನು ತೆಳ್ಳಗೆ ಬಿಲ್ಲೆಯಾಗಿ ಹೆಚ್ಚಿ, ನೀರಿನಲ್ಲಿ ಮುಳುಗಿಸಿ, ದಿನಕ್ಕೊಮ್ಮೆ ನೀರು ಚೆಲ್ಲಿ ಹೊಸ ನೀರು ಹಾಕಿ, ಮೂರನೆಯ ದಿನ ಬೇಯಿಸುವುದು. ತೆಳ್ಳಗೆ ಹೆಚ್ಚಿದಷ್ಟೂ ಹೆಚ್ಚು ಕೋಶ ಒಡೆಯುತ್ತದೆ. ಬಿಡುಗಡೆಯಾದ ವಿಷ ನೀರಿಗಿಳಿಯುತ್ತದೆ. ಉಳಿದದ್ದು ಮುಚ್ಚಳ ತೆಗೆದು ಕುದಿಸುವಾಗ ಆವಿಯಾಗುತ್ತದೆ. ಮೂರು ದಿನ ನೆನೆದ ಕಳಲೆಗೆ ಬರುವ ಹುಳಿಮಿಶ್ರಿತ ವಾಸನೆ ಹೊಸಬರಿಗೆ ಕಷ್ಟವಾದರೂ ಬಲ್ಲವರಿಗೆ ಅದೇ ಮಳೆಗಾಲದ ಪರಿಮಳ.

ಆಮೇಲೆ ಅದು ಹುಳಿಯಾಗಬಹುದು, ಪಲ್ಯವಾಗಬಹುದು, ಹೆಸರುಕಾಳಿನ ಜೊತೆ ಗಸಿಯಾಗಬಹುದು, ಅಕ್ಕಿರೊಟ್ಟಿಯ ಪಕ್ಕದ ಬೈಂಬಳೆ ಕರಿಯಾಗಬಹುದು, ಕೊಂಕಣಿಗರ ಕೈಯಲ್ಲಿ ಅಂಬಡೆಯಾಗಬಹುದು. ಉಪ್ಪುನೀರಿನಲ್ಲಿ ಹಾಕಿಟ್ಟರೆ ಮುಂದಿನ ಮಳೆಗಾಲದವರೆಗೂ ಬರುತ್ತದೆ. ತೂಕದಲ್ಲಿ ಸುಮಾರು ಹತ್ತರಲ್ಲಿ ಒಂಬತ್ತು ಪಾಲು ನೀರು, ಉಳಿದದ್ದರಲ್ಲಿ ನಾರು ಮತ್ತು ಪೊಟ್ಯಾಸಿಯಂ ಧಾರಾಳ, ಕೊಬ್ಬು ಇಲ್ಲವೆನ್ನುವಷ್ಟು.

ಇಂದು ರಾಷ್ಟ್ರೀಯ ಉದ್ಯಾನಗಳಲ್ಲಿ ಕಳಲೆ ಕೀಳುವಂತಿಲ್ಲ. ಒಂದು ಕಳಲೆ ಮುರಿದರೆ ಒಂದು ಗಳು ಕಡಿಮೆ, ಆನೆ ಕಾಟಿಗಳ ಮೇವು ಅಷ್ಟು ಕಡಿಮೆ ಎಂಬ ಲೆಕ್ಕ ಸರಿಯೇ. ಕೊಡಗಿನ ತೋಟಗಳ ಅಂಚಿನಲ್ಲಿ ಮುಳ್ಳಿಲ್ಲದ ಬರ್ಮಾ ಬಿದಿರು ಬೆಳೆಯುವ ರೈತರಿಂದ ಸಂತೆಗೆ ಕಳಲೆ ಬರುವುದು ಕಾಡಿನಲ್ಲಿ ಕೀಳುವುದಕ್ಕಿಂತ ಒಳ್ಳೆಯ ದಾರಿ.

ಒಂದೇ ಹೂವು

ದಶಕಗಳ ಕಾಲ ಹೀಗೆ ಮಳೆಗಾಲಕ್ಕೊಮ್ಮೆ ಕಳಲೆ ಎಬ್ಬಿಸುತ್ತಿದ್ದ ಮೆಳೆ ಒಂದು ವರ್ಷ ಕಳಲೆ ಕೊಡುವುದನ್ನು ಕಡಿಮೆ ಮಾಡುತ್ತದೆ, ಇಲ್ಲವೇ ನಿಲ್ಲಿಸುತ್ತದೆ. ಚಳಿಗಾಲದಲ್ಲಿ ಎಲೆಯೆಲ್ಲ ಉದುರುತ್ತದೆ. ಎಲೆಯಿದ್ದ ಜಾಗದಲ್ಲಿ ಒಣಹುಲ್ಲಿನ ಗೊಂಚಲಿನಂಥ ಹೂತೆನೆ. ಬಣ್ಣವಿಲ್ಲ, ಪರಿಮಳವಿಲ್ಲ, ಗಾಳಿಗೆ ತೂಗಾಡುವ ಹಳದಿ ಕೇಸರಗಳಷ್ಟೆ. ಗಾಳಿಯೇ ಪರಾಗ ಹೊರುತ್ತದೆ. ಬೇಸಿಗೆಯ ಹೊತ್ತಿಗೆ ಬಿದಿರಕ್ಕಿ ಮಳೆಯಂತೆ ಸುರಿಯುತ್ತದೆ. ಮೆಳೆ ಗೆಡ್ಡೆಸಮೇತ ಒಣಗಿ ಸಾಯುತ್ತದೆ.

ಒಂದು ಮೆಳೆಯಲ್ಲ, ಇಡೀ ಸೀಮೆಯ ಹೆಬ್ಬಿದಿರು ಒಂದೆರಡು ವರ್ಷಗಳೊಳಗೆ ಹೀಗೆ ಹೂ ಬಿಡುತ್ತದೆ. ಪಶ್ಚಿಮ ಕರಾವಳಿಯ ಹಳೆಯ ದಾಖಲೆಗಳಲ್ಲಿ 1804, 1836, 1868ರ ಹೂವುಗಳ ಉಲ್ಲೇಖವಿದೆ, ಕರಾರುವಾಕ್ಕಾಗಿ 32 ವರ್ಷಗಳ ಅಂತರ. ಬೇರೆ ಕಡೆ ಅಂತರ ನಲವತ್ತು ದಾಟಿದ್ದೂ ಇದೆ. ನಾಗರಹೊಳೆ, ಕಬಿನಿ, ವಯನಾಡಿನ ಸುತ್ತ ಇತ್ತೀಚಿನ ದೊಡ್ಡ ಹೂವು ಬಂದದ್ದು 2010ರ ನಂತರದ ವರ್ಷಗಳಲ್ಲಿ. ಮೆಳೆಯ ಗೆಡ್ಡೆ ಕಿತ್ತು ದೂರದಲ್ಲಿ ನೆಟ್ಟರೂ ಅದು ಸಾಮಾನ್ಯವಾಗಿ ತಾಯಿಮೆಳೆಯ ಲೆಕ್ಕದಲ್ಲೇ ಹೂ ಬಿಡುತ್ತದೆ. ಗೆಡ್ಡೆಯಿಂದ ಬಿದಿರು ನೆಡುವವರು ತಾಯಿಮೆಳೆಯ ವಯಸ್ಸು ಕೇಳಬೇಕಾದದ್ದು ಅದಕ್ಕಾಗಿ.

1864ರಲ್ಲಿ ಸೂಪಾ ಸೀಮೆಯ ಕಾಡಿನ ಬಿದಿರು ಸಾರಾಸಗಟಾಗಿ ಹೂ ಬಿಟ್ಟಿತು. ಬಿದಿರಕ್ಕಿ ಆಯಲು ಧಾರವಾಡ, ಬೆಳಗಾವಿ ಜಿಲ್ಲೆಗಳಿಂದ ಸುಮಾರು 50,000 ಜನ ಬಂದರೆಂದು ಆಗಿನ ಬ್ರಿಟಿಷ್ ಅಧಿಕಾರಿಗಳ ಅಂದಾಜು. ಒಂದೊಂದು ತಂಡವೂ ಹತ್ತು ಹದಿನಾಲ್ಕು ದಿನ ಕಾಡಿನಲ್ಲೇ ಬಿಡಾರ ಹೂಡಿ, ಮಳೆಗಾಲ ಕಳೆಯುವಷ್ಟು ಕಾಳನ್ನೂ ಮಾರಲು ಒಂದಿಷ್ಟನ್ನೂ ಹೊತ್ತು ಮರಳಿತು. ಆ ಸೂಪಾ ಊರು ಇಂದು ಕಾಳಿ ಅಣೆಕಟ್ಟಿನ ನೀರಿನಡಿ ಇದೆ.

ಬಿದಿರು ಇಷ್ಟು ಕಾಲ ಕಾದು ಒಟ್ಟಿಗೆ ಹೂ ಬಿಡುವುದೇಕೆ? ಅಮೆರಿಕದ ಜೀವಿವಿಜ್ಞಾನಿ ಡೇನಿಯಲ್ ಜಾನ್ಜೆನ್ 1976ರಲ್ಲಿ ಕೊಟ್ಟ ಉತ್ತರ ಇಂದಿಗೂ ಹೆಚ್ಚು ಒಪ್ಪಿಗೆಯಾಗಿದೆ. ವರ್ಷವರ್ಷ ಸ್ವಲ್ಪಸ್ವಲ್ಪ ಬೀಜ ಬಿಟ್ಟರೆ ಇಲಿ, ಕಾಡುಕೋಳಿ, ಹಂದಿಗಳು ಎಲ್ಲವನ್ನೂ ತಿಂದು ಮುಗಿಸುತ್ತವೆ. ಎಲ್ಲವೂ ಒಂದೇ ಸಲ ಸುರಿದರೆ ತಿನ್ನುವವರ ಹೊಟ್ಟೆ ತುಂಬಿ ಬೀಜ ಉಳಿಯುತ್ತದೆ. ಸತ್ತು ಒಣಗಿದ ಮೆಳೆಗಳಿಗೆ ಹತ್ತುವ ಕಾಳ್ಗಿಚ್ಚು ಮೇಲಿನ ಮರಗಳನ್ನು ಸುಟ್ಟು ಸಸಿಗಳಿಗೆ ಬಿಸಿಲು ಬಿಡಿಸುತ್ತದೆ ಎಂಬ ಇನ್ನೊಂದು ವಾದವನ್ನು 1999ರಲ್ಲಿ ಕೀಲಿ ಮತ್ತು ಬಾಂಡ್ ಮಂಡಿಸಿದರು.

ಗಡಿಯಾರ ಹೇಗೆ ನಡೆಯುತ್ತದೆ ಎಂಬುದು ಬೇರೆಯೇ ಪ್ರಶ್ನೆ. ಪುಣೆಯ ರಾಷ್ಟ್ರೀಯ ರಾಸಾಯನಿಕ ಪ್ರಯೋಗಾಲಯದ ರಜನಿ ನಾಡಗೌಡ ಮತ್ತು ಸಂಗಡಿಗರು 1990ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಒಂದು ಪ್ರಯೋಗ ಪ್ರಕಟಿಸಿದರು. ಗಾಜಿನ ನಳಿಕೆಯೊಳಗೆ ಬೆಳೆಸಿದ ಹೆಬ್ಬಿದಿರಿನ ಎಳೆಯ ಸಸಿಗಳು ಸೈಟೊಕೈನಿನ್ ಎಂಬ ಹಾರ್ಮೋನು ಸಿಕ್ಕಾಗ ಕೆಲವೇ ತಿಂಗಳಲ್ಲಿ ಹೂ ಬಿಟ್ಟು ಬೀಜ ಕಟ್ಟಿದವು! ಮೂರು ನಾಲ್ಕು ದಶಕಗಳ ಕಾಯುವಿಕೆ ಗಿಡದ ಸಾಮರ್ಥ್ಯದ ಮಿತಿಯಲ್ಲ, ಹೂ ಬಿಡುವ ಶಕ್ತಿ ಮೊದಲಿನಿಂದಲೂ ಒಳಗಿದ್ದು ಯಾವುದೋ ತಡೆಯಿಂದ ನಿಂತಿರುತ್ತದೆ ಎಂದು ಆ ನಳಿಕೆಗಳು ತೋರಿಸಿದವು.

[ ಮೌತಾಂ ]
ಮಿಜೋರಾಂನ ಮೆಲೊಕ್ಯಾನಾ ಬಿದಿರು ಸುಮಾರು 48 ವರ್ಷಕ್ಕೊಮ್ಮೆ ಹೂ ಬಿಡುತ್ತದೆ. ಅದರ ಕಾಯಿ ಅಕ್ಕಿಯಷ್ಟಲ್ಲ, ಮುಷ್ಟಿ ಗಾತ್ರದ್ದು. ತಿಂದು ಕೊಬ್ಬಿದ ಇಲಿಗಳ ಹಿಂಡು ಕಾಯಿ ಮುಗಿದ ಮೇಲೆ ಹೊಲಕ್ಕೆ ನುಗ್ಗುತ್ತದೆ. 1958–59ರ ಮೌತಾಂ ಬರಗಾಲದ ಸಂಕಟದಲ್ಲಿ ಹುಟ್ಟಿದ ಪರಿಹಾರ ಸಂಘಟನೆಯೇ ಮುಂದೆ ಮಿಜೋ ನ್ಯಾಷನಲ್ ಫ್ರಂಟ್ ಆಯಿತು.

ಮತ್ತೆ ಭತ್ತದ ಮಡಿ

ಬಿದಿರಕ್ಕಿಗೆ ಸುಪ್ತಾವಸ್ಥೆಯಿಲ್ಲ. ಕೆಲವೇ ತಿಂಗಳಲ್ಲಿ ಮೊಳೆಯದಿದ್ದರೆ ಅದು ಜೊಳ್ಳಾಗುತ್ತದೆ. ಮೇ ತಿಂಗಳಲ್ಲಿ ಉದುರಿದ ಕಾಳು ಜೂನ್ ಮಳೆಗೆ ಒಂದೇ ವಾರದಲ್ಲಿ ಮೊಳೆಯುತ್ತದೆ. ಸತ್ತ ಮೆಳೆಗಳ ನಡುವೆ ಕಾಡಿನ ನೆಲ ಥೇಟು ಭತ್ತದ ಸಸಿಮಡಿಯಂತೆ ಹಸಿರಾಗುತ್ತದೆ. ಇವುಗಳಲ್ಲಿ ಬದುಕುವುದು ಎಷ್ಟೋ ಸಾವಿರಕ್ಕೊಂದು. ಬೆಂಕಿ, ಮೇಯುವ ದನ, ಒಂದರ ಮೇಲೊಂದು ಬೀಳುವ ನೆರಳು, ಎಲ್ಲವೂ ಮೊದಲ ವರ್ಷಗಳಲ್ಲೇ.

ಉಳಿದ ಸಸಿ ಮೊದಲ ಮಳೆಗಾಲದಲ್ಲಿ ಹುಲ್ಲುಕಡ್ಡಿಯಷ್ಟು ದಪ್ಪ. ದಪ್ಪವಾಗುವ ಕಾಂಡ ಅದಕ್ಕಿಲ್ಲವಾದ್ದರಿಂದ ಬೆಳೆಯುವ ದಾರಿ ಒಂದೇ: ಪ್ರತಿ ವರ್ಷ ನೆಲದಡಿ ಕಳೆದ ವರ್ಷಕ್ಕಿಂತ ದೊಡ್ಡ ಗೆಡ್ಡೆ, ನೆಲದ ಮೇಲೆ ಕಳೆದ ವರ್ಷಕ್ಕಿಂತ ದಪ್ಪ ಕಳಲೆ. ಎರಡನೆಯ ವರ್ಷ ಪೆನ್ಸಿಲಿನಷ್ಟು, ಆಮೇಲೆ ಹೆಬ್ಬೆರಳಿನಷ್ಟು, ಆಮೇಲೆ ಮಣಿಕಟ್ಟಿನಷ್ಟು. ನಡುವೆ ಬುಡದ ರೆಂಬೆಗಳು ಚಾಚಿ, ಮುಳ್ಳು ಗಟ್ಟಿಯಾಗಿ, ಒಂದಕ್ಕೊಂದು ಹೆಣೆದುಕೊಳ್ಳುತ್ತವೆ. ಬೇಲಿ ಮುಗಿದ ಮೇಲೆ, ಎಂಟನೆಯದೋ ಹತ್ತನೆಯದೋ ಮುಂಗಾರಿನಲ್ಲಿ, ಅದರ ಮರೆಯಲ್ಲಿ ತೊಡೆಗಾತ್ರದ ಮೊದಲ ಕಳಲೆ ನೆಲ ಬಿರಿಯುತ್ತದೆ.